ಎರಡು ಮಿಲಿಮೀಟರ್ ವ್ಯತ್ಯಾಸ

ನವೆಂಬರ್ ನಾಲ್ಕು, ಮಂಗಳವಾರ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಏಲಿಯಮ್ಮ ಎಂಬ ಮಹಿಳೆ ಪ್ಲಾಶೇರಿ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಆಕೆಯ ಪತಿ, ನಿವೃತ್ತ ಹೈಸ್ಕೂಲ್ ಮೇಷ್ಟ್ರು ಕುರುವಿಳ, ಎರಡು ವಾರದ ಹಿಂದಿನ ಭಾನುವಾರ ವಾಗಮಣ್ ಘಾಟಿಯ ಇಳಿಜಾರಿನಲ್ಲಿ ತೀರಿಕೊಂಡಿದ್ದರು. ಅವರ ಹಳೆಯ ಫಿಯೆಟ್ ಕಾರಿನ ಮುಂದಿನ ಎಡಚಕ್ರ ಕಳಚಿಕೊಂಡು ಕಾರು ಬಂಡೆಗೆ ಬಡಿದಿತ್ತು. ಅಪಘಾತವೆಂದು ಅಂದೇ ಎಫ್‌ಐಆರ್ ಆಗಿತ್ತು. ಹೊರಗಿನಿಂದ ತಂದು ಹಾಕಿಸಿದ ಅಲಾಯ್ ಚಕ್ರ ಸಡಿಲಗೊಂಡಿದ್ದೇ ಕಾರಣವೆಂದು ಬರೆದ ಕಡತ ಮುಚ್ಚುವ ಹಂತದಲ್ಲಿತ್ತು.

"ನಿಮಗೆ ಅನುಮಾನ ಯಾರ ಮೇಲಮ್ಮ?" ಇನ್‌ಸ್ಪೆಕ್ಟರ್ ಪ್ರಸನ್ನನ್ ಕೇಳಿದರು.

"ಯಾರ ಮೇಲೂ ಇಲ್ಲ ಸಾರ್. ನಮ್ಮ ಯಜಮಾನರ ಮೇಲಂತೂ ಇಲ್ಲವೇ ಇಲ್ಲ."

"ಅಂದ್ರೆ?"

"ಇಗರ್ಜಿ ಬಾಗಿಲಲ್ಲಿ ಜನ ಏನಂತಾರೆ ಗೊತ್ತಾ? ಅರವತ್ತು ದಾಟಿದ ಮೇಲೆ ಮೇಷ್ಟ್ರಿಗೆ ಈ ಶೋಕಿ ಬೇಕಿತ್ತಾ ಅಂತ. ಶೋಕಿಯಿಂದಲೇ ಸತ್ತರು ಅಂತ. ಆ ಚಕ್ರ ಆರಿಸೋಕೆ ಅವರು ಒಂದು ವರ್ಷ ತಗೊಂಡರು ಸಾರ್. ನನ್ನನ್ನ ನೋಡೋಕೆ ಬಂದಾಗ ಒಂದು ಲೋಟ ಚಹಾ ಮುಗಿಯೋಷ್ಟರಲ್ಲಿ ಒಪ್ಪಿಬಿಟ್ಟಿದ್ದರು."

ಕಾನ್‌ಸ್ಟೆಬಲ್ ರಂಲತ್ ತಲೆ ತಗ್ಗಿಸಿ ನಗು ನುಂಗಿದಳು. ಏಲಿಯಮ್ಮ ನಗಲಿಲ್ಲ.

ಜೊತೆಗೆ ಬಂದಿದ್ದ ಆಕೆಯ ತಮ್ಮ ಸ್ಕರಿಯಾ ಕುರ್ಚಿಯ ತುದಿಯಲ್ಲಿ ಕೂತಿದ್ದ. "ಚೇಚಿ, ಹೋದೋರು ವಾಪಸ್ ಬರ್ತಾರಾ? ಯಾಕೆ ಸುಮ್ನೆ ಕೆದಕೋದು?" ಎಂದ ಅಕ್ಕನಿಗೆ.

"ನೀನು ಸುಮ್ನಿರು. ಅವರು ಬರಲ್ಲ, ಅವರ ಹೆಸರಾದರೂ ಬರಲಿ."

ಮಧ್ಯಾಹ್ನ ಠಾಣೆಯ ಹಿಂದಿನ ಅಂಗಳದಲ್ಲಿ, ಟಾರ್ಪಾಲಿನ ಕೆಳಗಿದ್ದ ಕಾರನ್ನು ಇಬ್ಬರು ಪಂಚರ ಎದುರು ಮತ್ತೆ ಪರಿಶೀಲಿಸಲಾಯಿತು. ಉಳಿದ ಮೂರು ಚಕ್ರಗಳ ಬೋಲ್ಟ್‌ಗಳನ್ನು ರಂಲತ್ ಒಂದೊಂದಾಗಿ ಬಿಚ್ಚಿ ಬಟ್ಟೆಯ ಮೇಲೆ ಇಟ್ಟಳು. ಪ್ರತಿಯೊಂದರ ತಲೆಯ ಕೆಳಗೂ ಆಚೀಚೆ ಆಡುವ ಸಣ್ಣ ಲೋಹದ ಬಳೆಯಿತ್ತು. ಪ್ರತಿಯೊಂದರ ತಲೆಯ ಮೇಲೂ ಹಳದಿ ಬಣ್ಣದ ಒಂದು ಗೆರೆ. ಕಳಚಿದ ಚಕ್ರವನ್ನು ಬಿಗಿಯುವ ಹಬ್‌ನಲ್ಲಿ ತುಂಡಾಗಿ ಉಳಿದಿದ್ದದ್ದು ಎರಡೇ ಬೋಲ್ಟ್. ಇನ್ನೊಂದು ರಸ್ತೆಯಲ್ಲಿ ಸಿಕ್ಕಿತ್ತು. ಅದಕ್ಕೆ ಬಳೆಯೂ ಇರಲಿಲ್ಲ, ಹಳದಿ ಗೆರೆಯೂ ಇರಲಿಲ್ಲ.

"ಒಂದೇ ಚಕ್ರಕ್ಕೆ ಬೇರೆ ಜಾತಿ ಬೋಲ್ಟ್ ಯಾಕೆ ಸಾರ್?" ರಂಲತ್ ಕೇಳಿದಳು.

"ಹಾಕಿದವನನ್ನೇ ಕೇಳೋಣ. ಪಂಚನಾಮೆ ಬರಿ."

ಮರುದಿನ ಅವರು ಕೋಟ್ಟಯಂನಲ್ಲಿ ಚಕ್ರದಂಗಡಿ ಇಟ್ಟಿದ್ದ ನವಾಸ್‌ನ ಮುಂದೆ ನಿಂತರು. ಸಮವಸ್ತ್ರ ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ಮೇಷ್ಟ್ರ ಕಾರಾ ಸಾರ್? ಅಲ್ಲಾಹನಾಣೆ, ನಾನು ಸರಿಯಾಗೇ ಹಾಕಿ ಕಳಿಸಿದ್ದು."

"ಆಣೆ ಬೇಡ. ಏನು ಹಾಕಿದೆ, ಅದನ್ನ ಹೇಳು."

"ಆ ಕಾರಿನ ಹಬ್‌ನಲ್ಲಿ ನಾಲ್ಕು ತೂತು ಸೇರಿ ಆಗೋ ವೃತ್ತ ತೊಂಬತ್ತೆಂಟು ಮಿಲಿಮೀಟರ್. ಪೇಟೆಯಲ್ಲಿ ಸಿಗೋ ಚಕ್ರ ಹೆಚ್ಚಿನವು ನೂರರವು. ಎರಡು ಮಿಲಿಮೀಟರ್ ತಾನೆ ಅಂತ ಮಾಮೂಲಿ ಬೋಲ್ಟ್ ಹಾಕಿದರೂ ಬಿಗಿಯುತ್ತೆ ಸಾರ್, ಅದೇ ಮೋಸ. ಬೋಲ್ಟ್ ಓರೆಯಾಗಿ ಕೂರುತ್ತೆ, ಓಡ್ತಾ ಓಡ್ತಾ ಸಡಿಲ ಆಗುತ್ತೆ. ಬಳೆ ಬೋಲ್ಟ್ ಆದರೆ ಬಳೆ ಸ್ವಲ್ಪ ಸರಿದು ನೆಟ್ಟಗೆ ಕೂರುತ್ತೆ. ಮೇಷ್ಟ್ರು ಎಲ್ಲಾ ಓದಿಕೊಂಡೇ ಬಂದಿದ್ದರು. ಚಕ್ರ ಹೊರಗೆ ಚಾಚಬಾರದು, ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜಬಾರದು, ಬೋಲ್ಟ್ ಹದಿನಾರೂ ಬಳೆಯವೇ ಆಗಬೇಕು. ಪ್ರಾಣ ತಿಂದುಬಿಟ್ಟಿದ್ದರು."

"ಹಳದಿ ಗೆರೆ?"

"ನಾನೇ ಎಳೆಯೋದು. ಬಿಗಿದ ಮೇಲೆ ಬೋಲ್ಟ್‌ನಿಂದ ಚಕ್ರದವರೆಗೆ ಒಂದು ಗೆರೆ. ಬೋಲ್ಟ್ ತಿರುಗಿದರೆ ಗೆರೆ ತಪ್ಪಿದ್ದು ಕಾಣುತ್ತೆ."

"ಈ ಬೋಲ್ಟ್ ಬೇರೆ ಯಾರಿಗೆ ಕೊಟ್ಟೆ?"

"ಆ ಕಡೆಯಿಂದ ಅಂಥ ಕಾರು ಎರಡೇ ಬರೋದು. ಇನ್ನೊಂದು ಮೇಷ್ಟ್ರ ಬಾಮೈದಂದು. ಅದೇ ಚಕ್ರ ಬೇಕು ಅಂತ ಹಟ ಹಿಡಿದು ತಗೊಂಡರು. ಮಗಳ ಮದುವೆ ಹತ್ರ ಬಂದಿತ್ತು. ಬೋಲ್ಟ್ ಪಾರ್ಸೆಲ್‌ನಲ್ಲಿ ಹನ್ನೆರಡೇ ಬಂದಿದ್ದವು. ಇನ್ನು ನಾಲ್ಕು ಬರೋ ತನಕ ಹಾಕಬೇಡಿ ಅಂದೆ. ನಾವೇ ಹಾಕ್ಕೋತೀವಿ ಅಂತ ಡಿಕ್ಕಿಯಲ್ಲಿ ಇಟ್ಕೊಂಡು ಹೋದರು."

ವಾಪಸ್ ಬಂದು ಪ್ರಸನ್ನನ್ ಠಾಣೆಯ ಮೆಟ್ಟಿಲು ಹತ್ತುವಾಗ, "ಆಯಮ್ಮ ಯಾರ ಕೈ ಹಿಡ್ಕೊಂಡು ಠಾಣೆಗೆ ಬಂದಳು ನೋಡು" ಎಂದಷ್ಟೇ ಹೇಳಿದರು.

ಗುರುವಾರ ಬೆಳಿಗ್ಗೆ ಸ್ಕರಿಯಾನ ಮನೆ. ಮದುವೆಗೆ ಹಾಕಿದ್ದ ಚಪ್ಪರದ ಕಂಬಗಳು ಇನ್ನೂ ಗೋಡೆಗೆ ಒರಗಿದ್ದವು. ಶೆಡ್ಡಿನಲ್ಲಿ ಬೂದು ಬಣ್ಣದ ಫಿಯೆಟ್ ಇತ್ತು. ಪಂಚರನ್ನು ಕರೆಸಿ ಜಾಕ್ ಕೊಟ್ಟು ಕಾರು ಎತ್ತಿದರು. ಮೂರು ಚಕ್ರಗಳಲ್ಲಿ ಹೊಸ ಬಳೆ ಬೋಲ್ಟ್, ಗೆರೆಯಿಲ್ಲ. ಹಿಂದಿನ ಬಲಚಕ್ರದ ನಾಲ್ಕು ಬೋಲ್ಟ್‌ಗಳನ್ನು ಯಾರೋ ಸೀಮೆಎಣ್ಣೆಯಲ್ಲಿ ಒರೆಸಿದ್ದರು. ಆದರೂ ತಲೆಯ ಸಂದಿಗಳಲ್ಲಿ ಹಳದಿ ಉಳಿದಿತ್ತು. ರಂಲತ್ ಅವನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿದಳು.

ಸ್ಕರಿಯಾ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ.

"ಎಲ್ಲಿಂದ ಬಂದವು ಇವು?"

"ನವಾಸ್ ಕೊಟ್ಟ."

"ಹನ್ನೆರಡು ಕೊಟ್ಟ. ನಾಲ್ಕು?"

ಸ್ಕರಿಯಾ ಬಾಗಿಲ ಚಿಲಕವನ್ನು ಹಿಂದೆ ಮುಂದೆ ಆಡಿಸಿದ.

"ಯಾವಾಗ ಬಿಚ್ಚಿದೆ?"

"ಶುಕ್ರವಾರ. ಮದುವೆಯ ಹಿಂದಿನ ದಿನ. ಭಾವನೂ ಚೇಚಿಯೂ ಇಲ್ಲಿ ಅಡುಗೆ ಕೆಲಸ ನೋಡ್ತಿದ್ದರು. ದೊಡ್ಡ ಪಾತ್ರೆ ತರ್ತೀನಿ ಅಂತ ಅವರ ಮನೆಗೆ ಹೋದೆ."

"ಕೇಳಬಹುದಿತ್ತಲ್ಲ?"

"ಕೇಳಿದೆ ಸಾರ್! ನೆಂಟರೆಲ್ಲ ಕೂತಿದ್ದಾಗ ಕೇಳಿದೆ. 'ಹಳೇ ಕಬ್ಬಿಣದ ಚಕ್ರದಲ್ಲೇ ಹೋಗೋ, ಮದುವೆ ನಿನ್ನ ಮಗಳಿಗೋ ಕಾರಿಗೋ' ಅಂದರು. ಎಲ್ಲರೂ ನಕ್ಕರು. ಹಿಂದೆ ನಾನು ಅಗಲದ ಚಕ್ರ ಹಾಕಿಸಿದಾಗಲೂ ಹಾಗೇ, ಕಪ್ಪೆ ಕಾಲು ಚಾಚಿದ ಹಾಗಿದೆ ಅಂತ ಊರಿಗೆಲ್ಲ ಹೇಳಿದ್ದರು."

"ಮಾಮೂಲಿ ಬೋಲ್ಟ್ ಹಾಕಿದರೆ ಏನಾಗುತ್ತೆ ಅಂತ ನಿನಗೆ ಗೊತ್ತಿತ್ತಾ?"

ಸ್ಕರಿಯಾ ಕಾರಿನ ಕಡೆ ನೋಡಿದ. ಗೊತ್ತಿರಲಿಲ್ಲ ಎಂದಿದ್ದರೆ ಅವನ ಮೇಲಿನ ಕೇಸು ಹಗುರವಾಗುತ್ತಿತ್ತು. ಅದು ಮೂವರಿಗೂ ತಿಳಿದಿತ್ತು.

"ಗೊತ್ತಿತ್ತು" ಎಂದ. "ನವಾಸ್ ಹೇಳಿದ್ದ. ಮನೆಯಿಂದ ಇಗರ್ಜಿಗೆ, ಇಗರ್ಜಿಯಿಂದ ಮನೆಗೆ ತಾನೆ, ಎರಡು ದಿನಕ್ಕೆ ಏನಾಗುತ್ತೆ, ಆಮೇಲೆ ವಾಪಸ್ ಹಾಕಿದರಾಯ್ತು ಅಂದ್ಕೊಂಡೆ."

ಅಪಘಾತದ ಎಫ್‌ಐಆರ್‌ನ ಸೆಕ್ಷನ್ ಬದಲಾಯಿತು: ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯನಾಶ. ಹನ್ನೊಂದೂವರೆಗೆ ಬಂಧನ ದಾಖಲಿಸಲಾಯಿತು.

ಏಲಿಯಮ್ಮನಿಗೆ ತಿಳಿಸಲು ಪ್ರಸನ್ನನ್ ತಾವೇ ಹೋದರು. ಆಕೆ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದರು. ಪೂರ್ತಿ ಕೇಳಿದ ಮೇಲೂ ಕೈ ಮೆಣಸಿನ ಮೇಲೇ ಆಡುತ್ತಿತ್ತು.

"ಇವರದೇನೂ ತಪ್ಪಿಲ್ಲ ಅಂತ ಬರೆದಿದ್ದೀರಾ ಸಾರ್?"

"ಬರೆದಾಗಿದೆ."

"ಅವನ ಶವಪೆಟ್ಟಿಗೆ ಹೊತ್ತ..." ಎಂದು ಮಾತು ತಪ್ಪಿ, ಆಕೆ ತಿದ್ದಿಕೊಂಡರು. "ಇವರ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು ಅವನು." ಮತ್ತೆ ಕೇಳಿದರು: "ಅವನ ಮಗಳು ಲಿಯಾಗೆ ಯಾರು ಹೇಳಿದರು?"

"ಇನ್ನೂ ಯಾರೂ ಇಲ್ಲ."

"ಹಾಗಾದರೆ ನೀವ್ಯಾರೂ ಹೇಳಬೇಡಿ. ನಾನು ಹೋಗ್ತೀನಿ." ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

ಸಂಜೆ ಸ್ಕರಿಯಾನ ಹೇಳಿಕೆಯನ್ನು ರಂಲತ್ ಬರೆದುಕೊಂಡಳು. ಮದುವೆಯ ಮರುದಿನ, ಭಾನುವಾರದ ಪೂಜೆ ಮುಗಿಸಿ ಅವನು ನೇರ ಭಾವನ ಮನೆಗೆ ಹೋಗಿದ್ದ. ಬೋಲ್ಟಿನ ವಿಷಯ ಹೇಳಿಬಿಡಬೇಕೆಂದೇ ಹೋಗಿದ್ದು. ಕುರುವಿಳ ಮದುವೆಯ ತಿಂಡಿಯ ಡಬ್ಬ ಹಿಡಿದು ಕಾರಿನ ಪಕ್ಕದಲ್ಲಿ ನಿಂತಿದ್ದರು. ಮದುವೆಗೆ ಬರಲಾಗದ ಮುದುಕಿ ಚಿಕ್ಕಮ್ಮನಿಗೆ ಕೊಟ್ಟು ಬರಲು ವಾಗಮಣ್‌ಗೆ ಹೊರಟಿದ್ದರು. ಸ್ಕರಿಯಾ ಬಾಯಿ ತೆರೆಯುವ ಮೊದಲೇ ಅವರು ಅವನ ಭುಜದ ಮೇಲೆ ಕೈಯಿಟ್ಟು, "ನಿನ್ನೆ ಇಗರ್ಜಿ ಮುಂದೆ ನಿನ್ನ ಕಾರು ಎಷ್ಟು ಚೆಂದ ನಿಂತಿತ್ತೋ! ಚಕ್ರ ಅಂದರೆ ಹಾಗೆ ಕೂರಬೇಕು. ನನ್ನದಕ್ಕಿಂತ ಒಂದು ಕೈ ಮೇಲೇ" ಎಂದಿದ್ದರು.

ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ತಾನು ಕೇಳಿದ ಮೊದಲ ಹೊಗಳಿಕೆ ಅದು ಎಂದು ಸ್ಕರಿಯಾ ಹೇಳಿದ. ಅದನ್ನು ಕೇಳಿದ ಮೇಲೆ, ಆ ಬೋಲ್ಟ್ ನಿಮ್ಮವೇ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಭಾವ ಕಾರು ಹಿಂದೆ ತೆಗೆಯುವಾಗ ಗೇಟು ತೆರೆದು ಹಿಡಿದವನೂ ಅವನೇ.