ನೋಡದೆ ಎತ್ತಿಟ್ಟ ಕಂತುಗಳು

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ಸೇರಿ ಹಿಂಡುತ್ತಿದ್ದಾಗ ಬಾಗಿಲ ಬೆಲ್ ಆಯಿತು.

"ಅಪ್ಪ!" ಎಂದು ಮಗಳು ತನ್ನ ತುದಿಯನ್ನು ಅಲ್ಲೇ ಬಿಟ್ಟು ಓಡಿದಳು. ಒಗೆದ ಬೆಡ್‌ಶೀಟ್ ಬಾಲ್ಕನಿಯ ಧೂಳಿಗೆ ಬಿತ್ತು.

ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಗಂಡ ಬೇರೆ ಊರಿನ ಕಟ್ಟಡವೊಂದರ ಕೆಲಸಕ್ಕೆ ಹೋಗಿ ಒಂದು ತಿಂಗಳಾಗಿತ್ತು. ಇವತ್ತು ಬರುತ್ತಾನೆಂದು ಗೊತ್ತಿತ್ತು, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ತಲೆ ಬಾಚಿರಲಿಲ್ಲ. ಕೈಯೆಲ್ಲ ಸೋಪಿನ ವಾಸನೆ.

ಅವನು ಬಾಲ್ಕನಿಯ ಬಾಗಿಲಿಗೆ ಬಂದು ನಿಂತ. ಸೊರಗಿದ್ದ. ಭುಜಕ್ಕೆ ಒಂದು ಸಣ್ಣ ಚೀಲ, ಅಷ್ಟೇ.

ಹೋಗುವಾಗ ಒಯ್ದ ದೊಡ್ಡ ಪೆಟ್ಟಿಗೆ ಎಲ್ಲಿ? ಅವಳು ಕೇಳಲಿಲ್ಲ. ಅವನಾಗಿ ಹೇಳಲೂ ಇಲ್ಲ. ಬಗ್ಗಿ ಬೆಡ್‌ಶೀಟ್ ಎತ್ತಿ, ನಲ್ಲಿಯ ಕೆಳಗೆ ಜಾಲಿಸಿ, ಮಗಳು ಬಿಟ್ಟ ತುದಿಯನ್ನು ತಾನು ಹಿಡಿದ. ಅವಳು ಈಚೆಗೆ ತಿರುವಿದಳು, ಅವನು ಆಚೆಗೆ ತಿರುವಿದ. ನೀರೆಲ್ಲ ಇಳಿದು ಬಟ್ಟೆ ಹಗ್ಗದಂತೆ ಬಿಗಿಯುವವರೆಗೂ ಇಬ್ಬರೂ ಮುಖ ಎತ್ತಲಿಲ್ಲ.

"ಗುಂಡಿ," ಎಂದು ಅವನು ಮಗಳನ್ನು ಕರೆದ. ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಉದುರಿದ ಗುಂಡಿಗಳನ್ನು ಆಯುತ್ತಲೇ ಬೆಳೆದ ಹುಡುಗಿಗೆ ಅದೇ ಹೆಸರಾಗಿತ್ತು. "ನಿಮ್ಮಮ್ಮನಿಗೆ ಹೇಳು. ಆಫೀಸಿನವರು ನನ್ನನ್ನ ಆ ಊರಲ್ಲೇ ಖಾಯಂ ಮಾಡ್ತಾರಂತೆ. ನಾಳೆ ಉತ್ತರ ಹೇಳಬೇಕು."

"ಅಮ್ಮ, ಅಪ್ಪ ಏನು ಹೇಳ್ತಿದಾರೆ ಅಂದ್ರೆ..."

"ಕೇಳಿಸ್ತು, ನನಗೇನು ಕಿವುಡಾ?" ಎಂದಳು ಅವಳು. "ಅವರಿಷ್ಟ ಅಂತ ಹೇಳು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೋಗಬೇಡಿ ಎಂಬ ಒಂದು ಮಾತಿಗೆ ಯಾಕಿಷ್ಟು ತೂಕ? ದಿನಾ ಅಷ್ಟೊಂದು ಯೂನಿಫಾರಂ ಹೊಲಿಯುವ ಕೈಗೆ ಇಲ್ಲದ ಸುಸ್ತು ಈ ಬಾಯಿಗೆ ಯಾಕೆ...

ಅವಳ ತಾಯಿ ತೀರಿಹೋದಾಗಿನಿಂದ, ಅಂದರೆ ಎರಡು ವರ್ಷದಿಂದ, ಮನೆ ಹೀಗೇ ನಡೆದಿತ್ತು. ಗ್ಯಾಸ್ ಮುಗಿದದ್ದು, ಶಾಲೆಯಿಂದ ಕರೆ ಬಂದದ್ದು, ಎಲ್ಲವೂ ಮಗಳ ಮೂಲಕವೇ ಆಚೆಗೂ ಈಚೆಗೂ ಹೋಗಬೇಕು. ಸಂಜೆಯ ಧಾರಾವಾಹಿಯ ಹೊತ್ತೊಂದೇ ಬೇರೆ. ಆಗ ಸೋಫಾದಲ್ಲಿ ಮಗಳು ನಡುವೆ, ಇವರಿಬ್ಬರು ಎರಡು ತುದಿಗೆ. ಕಣ್ಣು ಟಿವಿಯ ಕಡೆ, ಮಾತು ಟಿವಿಯವರ ಬಗ್ಗೆ.

ಒಮ್ಮೆ ಅವಳಿಗೆ ಜ್ವರ ಬಂದಿತ್ತು. ಧಾರಾವಾಹಿಯ ದೊಡ್ಡ ಸೊಸೆಯನ್ನು ನೋಡುತ್ತಾ, ಆ ಹೆಂಗಸು ಸತ್ತು ಬಿದ್ದರೂ ಆ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎಂದಳು. ಜಾಹೀರಾತು ಮುಗಿಯುವುದರೊಳಗೆ ಹೊಲಿಗೆ ಯಂತ್ರದ ಮೇಲೆ ಮಾತ್ರೆ ಮತ್ತು ಬಿಸಿನೀರು ಬಂದು ಕುಳಿತಿದ್ದವು. ಇನ್ನೊಮ್ಮೆ ಅವನು, ಆ ಮನೆಯ ಗಂಡಸರಿಗೆ ಪಾಪ ತಣ್ಣಗಿನ ಚಹಾವೇ ಗತಿ ಎಂದ. ಮರುದಿನ ಅವನ ಲೋಟ ಮುಟ್ಟಲಾಗದಷ್ಟು ಸುಡುತ್ತಿತ್ತು. ಅದು ಪ್ರೀತಿಯೋ ಸಿಟ್ಟೋ ಅವಳಿಗೇ ಗೊತ್ತಾಗಿರಲಿಲ್ಲ.

ಅವನು ಹೋದ ಮೇಲೆ ಅವಳು ಒಂದು ಕಂತನ್ನೂ ನೋಡಲಿಲ್ಲ. ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಳು. ಪಕ್ಕದ ಮನೆಯಿಂದ ಶೀರ್ಷಿಕೆ ಗೀತೆ ಕೇಳಿಸತೊಡಗಿದರೆ ಸಾಕು, ಕಥೆ ಕಿವಿಗೆ ಬೀಳಬಾರದೆಂದು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ಗುಂಡಿ ಹೆಮ್ಮೆಯಿಂದ ರಿಮೋಟ್ ಹಿಡಿದು ಕುಳಿತಳು. ಅಮ್ಮ ಎಲ್ಲವನ್ನೂ ಅಪ್ಪನಿಗೋಸ್ಕರ ಎತ್ತಿಟ್ಟಿದ್ದಾಳೆ, ತನಗೂ ನೋಡಲು ಬಿಟ್ಟಿಲ್ಲ ಎಂದು ದೂರಿದಳು.

ಅವನ ಮುಖ ಒಂದು ಕ್ಷಣ ಕಳೆಗುಂದಿತು. "ಹೌದಾ..." ಎಂದನಷ್ಟೇ. ಪ್ರಯಾಣದ ಆಯಾಸ ಇರಬೇಕು ಎಂದು ಅಮ್ಮ ಅಂದುಕೊಂಡಳು.

ಕಥೆ ಓಡತೊಡಗಿತು. ಮನೆಯ ಎರಡನೇ ಮಗನ ಮೇಲೆ ಸರ ಕದ್ದ ಅಪವಾದ. ಅತ್ತೆ ಮೂರ್ಛೆ ಬಿದ್ದಳು. ಮುಂದಿನ ಕಂತಿನಲ್ಲೂ ಬಿದ್ದಳು. ಈ ಅತ್ತೆಗೇನೂ ಆಗಲ್ಲ, ಆ ನೆಲಕ್ಕೊಂದು ಬ್ಯಾಂಡೇಜು ಕಟ್ಟಿಸಬೇಕು ಎಂದ ಅವನು. ಅವಳು ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿ ನಕ್ಕಳು. ಒಂದು ತಿಂಗಳ ಮೇಲೆ ನಕ್ಕಿದ್ದಳು. ನಾಳೆ ಎಂಬುದು ಬರದೇ ಇದ್ದಿದ್ದರೆ...

ಅಷ್ಟರಲ್ಲಿ ಅವನು ಸುಮ್ಮನೆ ಕೈ ಚಾಚಿ ಮಗಳ ಎರಡೂ ಕಿವಿಗಳನ್ನು ಮುಚ್ಚಿದ. ಟಿವಿಯಲ್ಲಿ ಎಲ್ಲ ಶಾಂತವಾಗಿತ್ತು. ಎರಡನೇ ಮಗ ಮನೆ ಬಿಟ್ಟು ನಡೆದು ಹೋಗುತ್ತಿದ್ದ, ರಸ್ತೆ ಖಾಲಿ.

ಮರುಗಳಿಗೆ ಎಲ್ಲಿಂದಲೋ ಬಂದ ಲಾರಿ ಅವನಿಗೆ ಬಡಿದು ಪಕ್ಕದ ಅಂಗಡಿಯ ಗಾಜಿಗೆ ನುಗ್ಗಿತು.

ದೊಡ್ಡ ಸದ್ದೆಂದರೆ ಗುಂಡಿಗೆ ಭಯ. ಅಪ್ಪನಿಗೆ ಅದು ಗೊತ್ತು, ಸರಿ. ಆದರೆ ಸದ್ದು ಬರುತ್ತದೆಂದು ಮೊದಲೇ ಹೇಗೆ ಗೊತ್ತಾಯಿತು?

ಅವಳ ನಗು ಅಲ್ಲೇ ಸತ್ತಿತು. ನೋಡಿಬಿಟ್ಟಿದ್ದಾನೆ. ನಾನಿಲ್ಲಿ ಕಣ್ಣು ಕಿವಿ ಮುಚ್ಚಿಕೊಂಡು ಕೂತಿದ್ದೆ, ಇವನು ಅಲ್ಲಿ ಆರಾಮಾಗಿ ಎಲ್ಲ ನೋಡಿ ಮುಗಿಸಿದ್ದಾನೆ...

ಮಗಳ ಕೈಯಿಂದ ರಿಮೋಟ್ ಕಿತ್ತುಕೊಂಡು ಚಿತ್ರವನ್ನು ಅಲ್ಲೇ ನಿಲ್ಲಿಸಿದಳು.

"ಯಾರ ಜೊತೆ ನೋಡಿದ್ರಿ?"

ಎರಡು ವರ್ಷದಲ್ಲಿ ಅವನಿಗೆ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ನಿನ್ನ ಜೊತೆ."

"ನನ್ನ ಮುಂದೆ ನಾಟಕ ಬೇಡ."

ಅವನು ತನ್ನ ಅಂಗೈ ನೋಡಿಕೊಳ್ಳುತ್ತಾ, ತಡೆತಡೆದು ಹೇಳಿದ. ದಿನಾ ಆ ಹೊತ್ತಿಗೆ ಕೆಲಸ ಬಿಟ್ಟು ಲಾಡ್ಜಿಗೆ ಬರುತ್ತಿದ್ದನಂತೆ. ಜೊತೆಯವರು ಗೇಲಿ ಮಾಡಿದರೂ ಬರುತ್ತಿದ್ದನಂತೆ. "ನೀವಿಬ್ಬರೂ ಇಲ್ಲಿ ಕೂತು ಇದನ್ನೇ ನೋಡ್ತಿರ್ತೀರಿ ಅಂದುಕೊಂಡೆ. ಬೇರೆ ಯಾವ ಹೊತ್ತಲ್ಲಿ ನೀನು ಏನು ಮಾಡ್ತಿರ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಆ ಹೊತ್ತೊಂದೇ ಗೊತ್ತಿತ್ತು."

ಅಷ್ಟೂ ಸಂಜೆ ಅವನು ಮನಸ್ಸಿನಲ್ಲೇ ಈ ಸೋಫಾದಲ್ಲಿ ಅವಳ ಪಕ್ಕ ಬಂದು ಕೂತಿದ್ದ. ಅಷ್ಟೂ ಸಂಜೆ ಅವನಿಗಾಗಿಯೇ ಅವಳು ಈ ಸೋಫಾವನ್ನು ಖಾಲಿ ಬಿಟ್ಟು ಎದ್ದು ಹೋಗಿದ್ದಳು.

ಇಬ್ಬರೂ ನಿಂತುಹೋದ ಚಿತ್ರವನ್ನೇ ನೋಡುತ್ತಾ ಕುಳಿತರು. ಎರಡನೇ ಮಗ ರಸ್ತೆಯಲ್ಲಿ ಬಿದ್ದಿದ್ದ.

ಕೊನೆಗೆ ಅವಳೇ ಹಳೆಯ ದಾರಿ ಹಿಡಿದಳು. "ಹೆಂಡತಿಗೆ ಒಂದು ಮಾತು ಹೇಳದೆ ಮನೆ ಬಿಟ್ಟು ಹೋದನಲ್ಲ, ಇವನು ಎಂಥ ಗಂಡಸು."

"ಇದ್ದು ಏನು ಮಾಡ್ತಾನೆ? ನೆಂಟರೆಲ್ಲರ ಎದುರಿಗೆ ಕೇಳಿದಳಲ್ಲ, ಈಗ ಯಾಕೆ ಬಂದ್ರಿ, ಊಟಕ್ಕಾ ಅಂತ."

ಧಾರಾವಾಹಿಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ.

ಆಡಿದವಳು ಅವಳೇ. ತಾಯಿಯನ್ನು ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕುಳಿತಾಗ ಅವನು ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಓಡಿಬಂದಿದ್ದ. ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತೆಗೆದು ಬಂದಿದ್ದನೆಂದು ಅವಳಿಗೆ ಆಮೇಲೆ ತಿಳಿಯಿತು. ಆಡಿದ ಮಾತನ್ನು ಮಾತ್ರ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಅವತ್ತು ತಟ್ಟೆ ಮುಟ್ಟದೆ ಎದ್ದುಹೋಗಿದ್ದ.

"ಅವಳು... ಅಮ್ಮನ್ನ ಕಳ್ಕೊಂಡಿದ್ದಳು," ಎಂದಳು ಟಿವಿಯ ಕಡೆ ನೋಡುತ್ತಲೇ. ಕಣ್ಣು ತುಂಬಿ ಚಿತ್ರವೆಲ್ಲ ಕಲಸಿಹೋಗಿತ್ತು. "ಬಾಯಿಗೆ ಬಂದದ್ದು ಅಂದುಬಿಟ್ಟಳು. ತಪ್ಪಾಯ್ತು ಅನ್ನೋಕೆ ಅವಳಿಗೆ ಬರಲಿಲ್ಲ. ದಿನಾ ಅನ್ನಬೇಕು ಅಂದುಕೊಂಡಳು, ಬರಲಿಲ್ಲ."

"ಅವನಿಗೆ ಗೊತ್ತು."

"ಗೊತ್ತಿದ್ದೂ ಪೆಟ್ಟಿಗೆ ಅಲ್ಲೇ ಬಿಟ್ಟು ಬಂದಿದ್ದಾನೆ."

"ಅವನೇನು ತಾನಾಗಿ ಹೋಗಬೇಕು ಅಂದ್ಕೊಂಡಿಲ್ಲ..." ಅವನೂ ಟಿವಿಯ ಕಡೆಗೇ ನೋಡುತ್ತಿದ್ದ. "ಇರು ಅಂತ ಯಾರಾದರೂ ನೇರವಾಗಿ ಅಂದ್ರೆ ಇರ್ತಾನೆ. ಅವರಿಷ್ಟ ಅಂದ್ರೆ ಹೋಗ್ತಾನೆ."

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಗುಂಡಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಎರಡು ವರ್ಷದಿಂದ ಇಬ್ಬರ ಮಾತನ್ನೂ ಆಚೆಗೀಚೆಗೆ ಹೊತ್ತ ಮಗು ಅದು, ತನ್ನದೆಂದು ಒಂದು ಮಾತನ್ನೂ ನಡುವೆ ಸೇರಿಸಿರಲಿಲ್ಲ. ಈಗ ಸೋಫಾದಿಂದ ಇಳಿದು ಟಿವಿಗೆ ಅಡ್ಡವಾಗಿ ನಿಂತಳು.

"ಅಮ್ಮ, ಅವನು ಅವನು ಅಂತ ಯಾರಿಗೆ ಅಂತಿದ್ದೀಯ? ಇಲ್ಲೇ ಇರಿ ಅಂತ ನೀನು ಅಪ್ಪನಿಗೆ ಹೇಳ್ತಿದ್ದೀಯಾ?"