ತೇಪೆ ಹಚ್ಚಿದ ಸುರುಳಿ

"ಸುರುಳೀನ ನಿನ್ನ ಕೈಗೇ ಕೊಟ್ಟಿದೀನಿ, ಮಗಳೇ. ನೋಡು, ಮೂಸು, ನಿನ್ನ ಪುಸ್ತಕದಲ್ಲಿ ಬರ್ಕೊ. ಆ ತೇಪೆಗೆ ಮಾತ್ರ ಉಗುರು ತಾಗಿಸ್ಬೇಡ."

ಕಸೀಲ್ಡ ಹೀಗೆಂದಾಗ ನೊಯೇಮಿಗೆ ನಗು ಬಂತು. ಬಾಯಿ ಬಿಟ್ಟು ನಗುವವಳಲ್ಲ ಅವಳು. ತುಟಿಯ ಒಂದಂಚು ಮಾತ್ರ ಕೊಂಕಿತು.

"ತಾಗಿಸಿದ್ರೆ ಏನಾಗುತ್ತೆ? ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾರಾ?"

"ಬಂದ್ರೆ ಒಳ್ಳೇದಾಗ್ತಿತ್ತು. ಅದನ್ನ ಮತ್ತೆ ಅಂಟಿಸೋಕೆ ಅವನ ಕೈಯೇ ಬೇಕು."

ಮಾತಾನ್ಸಾಸ್ ಊರಿನ ಹಳೆಯ ನೃತ್ಯಸಂಘದ ಸಭಾಂಗಣ ಅದು. ಭಾನುವಾರದ ಮಧ್ಯಾಹ್ನ, ಊರಿಗೆ ಊರೇ ಉಂಡು ಮಲಗಿತ್ತು. ಬಿಸಿಲು ಬಾರದಂತೆ ಉದ್ದನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಗವಿಯಂಥ ಕತ್ತಲೆ. ಗೆದ್ದಲು ಹಿಡಿದ ಮರ, ಕರ್ಪೂರ, ಎಷ್ಟೋ ವರ್ಷದ ಚುಟ್ಟದ ಹೊಗೆ, ಇವುಗಳ ಅಡಿಯಲ್ಲಿ ನದಿಯ ಕೆಸರಿನ ತಣ್ಣನೆಯ ವಾಸನೆ. ಗೋಡೆಗೊರಗಿ ತಾನೇ ನುಡಿಯುವ ಪಿಯಾನೊ ನಿಂತಿತ್ತು. ಗುಂಡಿ ಒತ್ತಿದರೆ ಸಾಕು, ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತದೆ. ವಾದಕನೊಬ್ಬ ಹಿಂದೆಂದೋ ನುಡಿಸಿದಂತೆಯೇ ಅದರಲ್ಲಿ ಕೊರೆದ ತೂತುಗಳು ಹಾದುಹೋದಂತೆ ಬಿಳಿ ಕರಿ ಮನೆಗಳು ಯಾರೂ ಮುಟ್ಟದೆಯೇ ಕುಸಿದು ಏಳುತ್ತವೆ. ಸತ್ತವನ ಬೆರಳುಗಳನ್ನು ಕಾಣಬೇಕೆನ್ನುವವರು ಅಲ್ಲಿಗೇ ಬರಬೇಕು.

ಪಕ್ಕದ ಕುರ್ಚಿಯಲ್ಲಿ ನೊಯೇಮಿಯ ತಾಯಿ ಅಂಪಾರೋ ಕೂತಿದ್ದಳು. ಕೂರಿಸಿದ್ದರು ಎನ್ನಬೇಕು. ಬಾಯಿಗೆ ಚಮಚ ಇಟ್ಟರೆ ನುಂಗುತ್ತಾಳೆ, ಎಬ್ಬಿಸಿದರೆ ನಿಲ್ಲುತ್ತಾಳೆ, ಎಳೆದರೆ ನಡೆಯುತ್ತಾಳೆ. ಬಲಗೈ ಯಾರದೋ ಅಂಗೈಯಲ್ಲಿ ಇಟ್ಟಂತೆ ಅರ್ಧ ಎತ್ತಿಯೇ ಇರುತ್ತದೆ. ಎಡಗೈ, ಇಲ್ಲದ ಬೀಸಣಿಗೆಯೊಂದನ್ನು ಹಿಡಿದಂತಿದೆ. ಇಪ್ಪತ್ತೈದು ವರ್ಷದಿಂದ ಹೀಗೇ.

ಆಗ ಅವಳಿಗೆ ಇಪ್ಪತ್ತರ ಪ್ರಾಯ. ಎಂಟು ತಿಂಗಳ ಕೂಸನ್ನು ತಾಯಿಯ ಬಳಿ ಬಿಟ್ಟು ಗಂಡನ ಜೊತೆ ಇದೇ ಸಭಾಂಗಣಕ್ಕೆ ಕುಣಿಯಲು ಬಂದಿದ್ದಳು. ಈ ಊರಿನ ಕುಣಿತವಾದ ದಾನ್ಸೋನ್‌ಗೆ ಒಂದು ಪೀಠಿಕೆಯಿದೆ, ಪಸೇಯೊ ಎನ್ನುತ್ತಾರೆ. ಅದು ನುಡಿಯುವಷ್ಟು ಹೊತ್ತು ಯಾರೂ ಕಾಲೆತ್ತುವುದಿಲ್ಲ. ಜೊತೆಗಾರನ ಕೈ ಹಿಡಿದು, ಬೀಸಣಿಗೆ ಬೀಸಿಕೊಳ್ಳುತ್ತ, ರಾಗ ಬರುವ ತನಕ ನಿಂತಿರುತ್ತಾರೆ. ಅದಕ್ಕೆ ಮುಂಚೆ ಕುಣಿದವಳು ಮಾನಗೇಡಿ. ಅವತ್ತು ಪಿಯಾನೊಗೆ ಹೊಸ ಸುರುಳಿ ಏರಿಸಿದವನು ಊರಿನ ಹೆಮ್ಮೆಯ ವಾದಕ, ಕಸೀಲ್ಡಳ ಅಪ್ಪ ಎವೆಲಿಯೊ. ಹೆಂಡತಿ ತೀರಿದ ಮೇಲೆ ಅಂಪಾರೋಳನ್ನು ಮದುವೆಗೆ ಕೇಳಿ ಇಲ್ಲವೆನ್ನಿಸಿಕೊಂಡವನು. ಪಸೇಯೊ ಮುಗಿಯಿತು, ರಾಗ ಬರಲಿಲ್ಲ. ಸುರುಳಿ ಸರ್ರನೆ ಹಿಂದಕ್ಕೆ ಸುತ್ತಿಕೊಂಡು ಮತ್ತೆ ಪಸೇಯೊ ಶುರುವಾಯಿತು. "ಏನಯ್ಯಾ ಎವೆಲಿಯೊ, ನಿನ್ನ ಪಿಯಾನೊಗೆ ಬಿಕ್ಕಳಿಕೆ ಹತ್ತಿದೆ, ನೀರು ಕುಡಿಸು" ಎಂದು ಜನ ನಕ್ಕರು. ಮೂರನೆಯ ಸಲಕ್ಕೆ ಯಂತ್ರ ನಿಲ್ಲಿಸಿ ಎಲ್ಲರೂ ಬಿಯರ್ ಕುಡಿಯಲು ಹೋದರು. ಅಂಪಾರೋ ಹೋಗಲಿಲ್ಲ.

ವೈದ್ಯರು ನರದ ರೋಗವೆಂದರು. ಗಂಡ ಬಿಟ್ಟುಹೋದ ಮೇಲೆ ಅವಳನ್ನೂ ಕೂಸನ್ನೂ ಹವಾನಾಕ್ಕೆ ಕರೆದೊಯ್ದ ಅಜ್ಜಿ, ಪಾಪದ ಫಲವೆಂದಳು. ಆ ಕೂಸು ಬೆಳೆದು, ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿ, ಒಂದೇ ಮಾತು ನಂಬಿತು: ವಿಷ. ಎವೆಲಿಯೊ ಅವ್ವನಿಗೆ ಏನೋ ಕುಡಿಸಿದ್ದಾನೆ.

ಅದನ್ನು ಸಾಬೀತು ಮಾಡಲೆಂದೇ ನೊಯೇಮಿ ಅವನ ಬದುಕನ್ನು ಮೂರು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟಿದ್ದಳು: ಯಾವ ಔಷಧಿ ಅಂಗಡಿಗೆ ಹೋಗುತ್ತಿದ್ದ, ಯಾರ ಮನೆಯಲ್ಲಿ ಉಣ್ಣುತ್ತಿದ್ದ, ಯಾವ ಕೈಯಿಂದ ಟೋಪಿ ತೆಗೆಯುತ್ತಿದ್ದ. ಅವನು ನುಡಿಸಿದ ನಾಲ್ಕು ಗ್ರಾಮಫೋನ್ ತಟ್ಟೆ, ಎಂಟು ಸುರುಳಿ ಹುಡುಕಿ ಕೊಂಡಿದ್ದಳು. ರಜೆಯ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಕೇಳುತ್ತಿದ್ದಳು. ಬೇರೆ ಯಾರ ಮಾತನ್ನೂ ಅವಳು ಅಷ್ಟು ಕಿವಿಗೊಟ್ಟು ಕೇಳಿದ್ದಿಲ್ಲ. ಅವತ್ತು ನುಡಿದ ಒಂಬತ್ತನೆಯ ಸುರುಳಿ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಹೋದ ತಿಂಗಳು ಅಜ್ಜಿ ತೀರಿಕೊಂಡಾಗ ಪೆಟ್ಟಿಗೆಯ ತಳದಲ್ಲಿ ಒಡೆಯದ ಪತ್ರಗಳ ಕಟ್ಟು ಸಿಕ್ಕಿತು. ಎಲ್ಲವೂ ಎವೆಲಿಯೊನ ಮಗಳು ಕಸೀಲ್ಡಳವು. ಎಲ್ಲದರಲ್ಲೂ ಒಂದೇ ಸಾಲು: ಅಂಪಾರೋಳನ್ನು ಕರೆದುಕೊಂಡು ಬನ್ನಿ.

"ಇನ್ನೊಂದ್ಸಲ ಹೇಳಿ," ಎಂದಳು ನೊಯೇಮಿ, ನೋಟ್‌ಬುಕ್ ತೆರೆದು. "ತೇಪೆ ಯಾಕೆ?"

ಕಸೀಲ್ಡ ದನಿ ತಗ್ಗಿಸಿದಳು. "ಸುರುಳಿ ಕೊನೆಯಲ್ಲಿ ಅಂಚಿಗೊಂದು ತೂತಿರುತ್ತೆ. ಅದು ಬಂದಾಗ ಯಂತ್ರ ಹಿಂದಕ್ಕೆ ಸುತ್ತುತ್ತೆ. ನಮ್ಮಪ್ಪ ಆ ತೂತನ್ನ ಪಸೇಯೊ ಮುಗಿಯೋ ಜಾಗದಲ್ಲಿ ಕೊರೆದ. ಮಾಟದವನು ಹೇಳಿಕೊಟ್ಟ ಹಾಗೆ, ಹೆಣದ ಬಟ್ಟೆ ಹೊಲಿದ ಸೂಜಿಯಿಂದ. ನಿಮ್ಮಮ್ಮ ಕಾಯ್ತಾನೇ ಇರಲಿ ಅಂತ. ಸಾಯೋ ಮುಂಚೆ ಅತ್ತುಬಿಟ್ಟ ಕಣೇ. ತನ್ನ ಬೆರಳಿನ ರಕ್ತದಲ್ಲೇ ತೇಪೆ ಅಂಟಿಸಿದ. ಈಗ ರಾಗ ಬರುತ್ತೆ. ನೀನು ಅವಳ ಕೈ ಹಿಡ್ಕೊಂಡು ನಿಲ್ಲು, ಒಂದೇ ಒಂದ್ಸಲ ಪೂರ್ತಿ ನುಡೀಲಿ. ಅವಳು ಕಾಲೆತ್ತುತ್ತಾಳೆ."

"ಅಷ್ಟೇನಾ? ಆಸ್ಪತ್ರೆಗಳನ್ನೆಲ್ಲ ಮುಚ್ಚಿಸಿಬಿಡೋಣ ಹಾಗಾದ್ರೆ."

"ನಗು. ಆದ್ರೆ ತೇಪೆ ಮುಟ್ಬೇಡ."

ಎಷ್ಟು ಸಲ ಹೇಳುತ್ತಾಳೆ? ಬಚ್ಚಿಟ್ಟವರೇ ಅಲ್ಲವೇ ಹೀಗೆ ಬೇಡುವುದು? ನೊಯೇಮಿ ತೇಪೆಯನ್ನೇ ನೋಡಿದಳು. ಹೆಬ್ಬೆರಳಿನ ಉಗುರಿನಷ್ಟಗಲ, ಅಂಚೆಲ್ಲ ಕಂದು. ಕಾಗದದೊಳಗಿಂದ ಹಿಂದುಮುಂದಾದ ಅಕ್ಷರಗಳು ಮಸುಕಾಗಿ ತೋರುತ್ತಿದ್ದವು. ಬರಹ. ತಪ್ಪೊಪ್ಪಿಗೆ.

"ಅವ್ವನಿಗೆ ನೀರು ಬೇಕು," ಎಂದಳು ಮೆಲ್ಲಗೆ.

ಕಸೀಲ್ಡ ಅನುಮಾನದಿಂದ ಅವಳನ್ನು ನೋಡಿ ಹೂಜಿ ಎತ್ತಿಕೊಂಡು ಹೋದಳು. ಅವಳ ಚಪ್ಪಲಿಯ ಸದ್ದು ಅಂಗಳ ದಾಟುತ್ತಲೇ ನೊಯೇಮಿ ಬಾಗಿಲಿನ ಅಗಳಿ ಹಾಕಿದಳು.

ಉಗುರು ಹಾಕಿದಳು. ತೇಪೆ ಗಾಯದ ಹಕ್ಕಳೆಯಂತೆ ಎದ್ದು ಬಂತು, ತಾಮ್ರದ ವಾಸನೆಯೊಂದಿಗೆ. ತಿರುಗಿಸಿ, ಕಿಟಕಿಯ ಸಂದಿನ ಬೆಳಕಿಗೆ ಹಿಡಿದಳು. ಅವನದೇ ಬರಹ. ಬೇರೆ ಸುರುಳಿಗಳ ಅಂಚಿನಲ್ಲಿ ಅವನು ಗೀಚಿದ್ದನ್ನು ಹತ್ತು ವರ್ಷ ಓದಿದವಳು, ಗುರುತು ತಪ್ಪುವಂತಿಲ್ಲ.

*ಅಂಪಾರೋ, ರಾಗ ಇಲ್ಲಿಂದ ಶುರು. ಹೋಗು.*

ಇಷ್ಟೇ? ವಿಷದ ಹೆಸರಿಲ್ಲ, ಕ್ಷಮೆ ಕೂಡ ಇಲ್ಲ. ಮುದುಕನ ಒಣ ಪ್ರೇಮ. ಅವಳು ತೇಪೆಯನ್ನು ಉಂಡೆ ಮಾಡಿ ಎಸೆದಳು. ಸರಿ, ಅವನು ಮುಚ್ಚಿದ ಜಾಗದಲ್ಲಿ ಏನಿದೆಯೆಂದು ಕಿವಿಯಾರೆ ಕೇಳಿಯೇ ಬಿಡೋಣ. ಸುರುಳಿ ಏರಿಸಿದಳು. ಅವ್ವನನ್ನು ಎಬ್ಬಿಸಿ, ಎತ್ತಿದ್ದ ಆ ಬಲಗೈಯನ್ನು ತನ್ನ ಅಂಗೈಯಲ್ಲಿ ಹಿಡಿದಳು. ಮೇಣದ ಬೊಂಬೆಯ ಕೈಯಂತೆ ತಣ್ಣಗಿತ್ತು. ಗುಂಡಿ ಒತ್ತಿದಳು.

ಪಿಯಾನೊ ಉಸಿರೆಳೆದುಕೊಂಡಿತು. ಬಿಳಿ ಕರಿ ಮನೆಗಳು ಕುಸಿದವು.

ಎಷ್ಟು ಚೆಂದದ ಪಸೇಯೊ. ಬೇರೆ ಎಂಟರಲ್ಲಿ ಇಂಥದಿರಲಿಲ್ಲ. ಎದೆಯಲ್ಲಿ ಏನೋ ಮೇಲೆದ್ದು, ಇನ್ನೇನು ರಾಗ ಬಂತು ಎನ್ನುವಾಗ, ಸರ್ರನೆ ಸುರುಳಿ ಹಿಂದಕ್ಕೆ. ಮತ್ತೆ ಅದೇ. ಇನ್ನೇನು. ಮತ್ತೆ ಸರ್ರನೆ.

ಬಾಗಿಲು ಧಡಧಡ ಬಡಿಯಿತು. "ನೊಯೇಮಿ. ಅಗಳಿ ತೆಗಿ. ತೇಪೆ ಕಿತ್ತೆಯಾ?"

ನಿಲ್ಲಿಸೋಣವೆಂದುಕೊಂಡಳು. ಗುಂಡಿ ಒಂದು ಹೆಜ್ಜೆ ದೂರ. ಆದರೆ ರಾಗ ಬರಲಿ. ಬಂದಮೇಲೆ ಹೆಜ್ಜೆ. ಅದಕ್ಕೆ ಮುಂಚೆ ಹೇಗೆ ಎತ್ತುವುದು ಕಾಲನ್ನು? ಜನ ನೋಡುತ್ತಾರೆ. ಯಾವ ಜನ? ಕತ್ತಲಲ್ಲಿ ಬೀಸಣಿಗೆಗಳ ಪಟಪಟ. ನೂರು ಬೀಸಣಿಗೆ. ಚುಟ್ಟದ ಹೊಗೆ ಹಸಿಯಾಗಿ ಮೂಗಿಗೆ ಬಂತು. ಮೂರನೆಯ ಸಲ. ಕಾಲು ನೆಲಕ್ಕೆ ಬೇರುಬಿಟ್ಟಿತು. ನಾಲಿಗೆ ಮರಗಟ್ಟಿತು.

"ಅದು ಒಬ್ಬರನ್ನೇ ಹಿಡಿಯೋದು ಕಣೇ," ಹೊರಗೆ ಕಸೀಲ್ಡ ಅಳುತ್ತಿದ್ದಳು. "ಹೊಸಬರು ಸಿಕ್ಕಿದ್ರೆ ಹಳಬರನ್ನ ಬಿಡುತ್ತೆ."

ನೊಯೇಮಿಯ ಅಂಗೈಯಲ್ಲಿ ಅವ್ವನ ಕೈ ಬೆಚ್ಚಗಾಯಿತು. ಬೆರಳು ಮಿಸುಕಿತು. ಮೆಲ್ಲಗೆ ಜಾರಿ ಹೊರಟುಹೋಯಿತು. ನೊಯೇಮಿಯ ಕೈ ಮಾತ್ರ ಎತ್ತಿದ ಹಾಗೆಯೇ ಉಳಿಯಿತು.

ಅಗಳಿ ಸರಿಯಿತು. ತೆಗೆದವಳು ಅಂಪಾರೋ. ಕಸೀಲ್ಡ ಒಳಗೆ ನುಗ್ಗಿ ಗುಂಡಿ ಅದುಮಿದಳು, ಪಿಯಾನೊ ಸ್ತಬ್ಧವಾಯಿತು. ನೊಯೇಮಿಯ ತಲೆಯೊಳಗೆ ಸುರುಳಿ ಇನ್ನೊಮ್ಮೆ ಹಿಂದಕ್ಕೆ ಸುತ್ತಿಕೊಂಡಿತು. ಕಸೀಲ್ಡ ನೆಲದ ಮೇಲೆ ತಡಕಾಡಿ ಕಾಗದದ ಉಂಡೆ ಹೆಕ್ಕಿದಳು, ಬಿಡಿಸಲು ನೋಡಿದಳು. ಅದು ಅವಳ ಬೆರಳುಗಳಲ್ಲೇ ಪುಡಿಯಾಯಿತು.

ಅಂಪಾರೋ ಕೂದಲು ಸರಿಪಡಿಸಿಕೊಳ್ಳುತ್ತ ನೊಯೇಮಿಯ ಮುಖವನ್ನು ಹತ್ತಿರದಿಂದ ನೋಡಿದಳು. ಗುರುತಿಲ್ಲದ, ಸೌಜನ್ಯದ ನೋಟ.

"ಯಾರ ಮನೆ ಹುಡುಗಿ ಇವಳು? ಒಳ್ಳೆ ಸಂಸ್ಕಾರ. ಪಸೇಯೊ ಮುಗಿಯೋ ತನಕ ಅಲುಗಾಡಲ್ಲ ನೋಡಿ," ಎಂದಳು, ತುಕ್ಕು ಹಿಡಿದ ದನಿಯಲ್ಲಿ. ಆಮೇಲೆ ಏನೋ ನೆನಪಾಗಿ ಗಡಬಡಿಸಿದಳು. "ಅಯ್ಯೋ, ಎಷ್ಟು ಹೊತ್ತಾಯ್ತೋ ಏನೋ. ನಾನು ಬರ್ತೀನಮ್ಮ. ಮನೇಲಿ ಎಂಟು ತಿಂಗಳ ಕೂಸಿದೆ, ಹಾಲಿಗೆ ಅಳ್ತಿರುತ್ತೆ."

ಅವಳ ಹೆಜ್ಜೆಗಳು ಮೆಟ್ಟಿಲಿಳಿದು ಬಿಸಿಲಿಗೆ ಓಡಿದವು. ನೊಯೇಮಿ ನಿಂತಿದ್ದಳು. ಇನ್ನೇನು ರಾಗ ಬರುವುದರಲ್ಲಿತ್ತು.