ಪಿನ್ನು ಹಿಡಿದ ಕೈ

ಸ್ವಂತ ಅಕ್ಕನಿಗಿಂತ ಬಾವನ ಮೊದಲ ಹೆಂಡತಿಯೇ ನನಗೆ ಹೆಚ್ಚು ಹಿಡಿಸಿಬಿಟ್ಟಿದ್ದಾರೋ ಏನೋ. ಈ ಅಳುಕನ್ನು ಡೈರಿಯಲ್ಲಿ ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.

ಅಷ್ಟರಲ್ಲಿ ಹಜಾರದಿಂದ ಬಾವ ಕೂಗಿದರು. "ಅಯ್ಯೋ, ಆಲ್ಬಮ್ಮಿಗೆ ಯಾರೋ ಕತ್ತರಿ ಹಾಕಿದಾರೆ ಕಣ್ರೇ!"

ಓಡಿದೆ. ಅಕ್ಕ-ಬಾವನ ಮದುವೆಯ ಆಲ್ಬಮ್ಮಿನಲ್ಲಿ ಮೂರು ಫೋಟೋ ಮಾಯ. ಮಧ್ಯಾಹ್ನವೇ ವಲಸೆ ಕಚೇರಿಯಲ್ಲಿ ಸಂದರ್ಶನ. ಬಾವ ಈ ದೇಶದ ಪ್ರಜೆ. ಅವರ ಹೆಂಡತಿಯಾಗಿ ಅಕ್ಕ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದಳು. ಅಧಿಕಾರಿ ಮದುವೆಯನ್ನು ಒಪ್ಪದಿದ್ದರೆ ಅಕ್ಕ ಗಂಟುಮೂಟೆ ಕಟ್ಟಬೇಕು.

"ಇನ್ಯಾರು? ನಿಮ್ಮ ನರ್ಸಮ್ಮನೇ," ಎಂದಳು ಅಕ್ಕ. "ಭಾನುವಾರ ಬಂದಿದ್ರಲ್ಲ."

"ಅವಳ್ಯಾಕೆ ತಗೋತಾಳೆ?" ಬಾವನ ಮುಖ ಬಾಡಿತು.

ನರ್ಸಮ್ಮ ಎಂದರೆ ಬಾವನ ಮೊದಲ ಹೆಂಡತಿ.

*

ಬಾವನ ಫೋನಿನಲ್ಲಿ ಫೋಟೋಗಳ ನಕಲುಗಳಿದ್ದವು. ಆಲ್ಬಮ್ಮಿನ ಪಕ್ಕ ಇಟ್ಟು ನೋಡಿದೆ. ಕಳುವಾದ ಎರಡರಲ್ಲಿ ನರ್ಸಮ್ಮ ಜನರ ನಡುವೆ ನಗುತ್ತಿದ್ದರು. ಮೂರನೆಯದರಲ್ಲಿ ಅಕ್ಕನ ತಗ್ಗಿದ ತಲೆ. ಹಿಂದಿನಿಂದ ಕೂದಲಿಗೆ ಪಿನ್ನು ಚುಚ್ಚುತ್ತಿರುವ ಒಂದು ಕೈ. ಬರೀ ಕೈ.

"ಇದು ಯಾರ ಕೈ ಬಾವ?"

"ನಂಗೇನು ಗೊತ್ತು? ಆ ರೂಮಿಗೆ ನನ್ನ ಬಿಟ್ಟಿದ್ರೆ ತಾನೇ!"

ಫೋಟೋಗಳನ್ನು ನನ್ನ ಫೋನಿಗೆ ಹಾಕಿಕೊಂಡೆ.

*

ನರ್ಸಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. ಫೋಟೋ ತೋರಿಸಿದೆ.

"ಅರೇ, ನನ್ನ ಕೈ! ಇದನ್ನ ಯಾರು ತೆಗೆದ್ರೇ? ನಾನು ನೋಡೇ ಇಲ್ವಲ್ಲ!"

ತಮ್ಮದೇ ಬೆರಳುಗಳನ್ನು ಅವರು ದೊಡ್ಡದು ಮಾಡಿ ನೋಡಿದರು. "ನಂಗೂ ಒಂದು ಕಳಿಸೇ. ನಿಮ್ಮಕ್ಕ ಅವತ್ತು ಗಡಗಡ ನಡುಗ್ತಿದ್ಲು. ಪಿನ್ನು ನಿಲ್ತಾನೇ ಇರ್ಲಿಲ್ಲ."

ಗಂಡನಾಗಿದ್ದವನ ಮದುವೆಗೆ ಬಂದು, ಮದುಮಗಳ ನಡುಕ ನಿಲ್ಲಿಸಿದ ಕೈ.

"ಮಧ್ಯಾಹ್ನ ನಾನೂ ಬರ್ತೀನಿ," ಎಂದರು. "ಸಾಕ್ಷಿ ಬೇಕಂದ್ರೆ ಹೇಳ್ತೀನಿ."

*

ಕಚೇರಿಯ ಕಾಯುವ ಕೋಣೆ. ನಾಲ್ವರೂ ಒಂದೇ ಬೆಂಚಿನ ಮೇಲೆ. ನಾನು ಆ ಫೋಟೋವನ್ನು ಸುಮ್ಮನೆ ಅಕ್ಕನ ಮುಂದೆ ಹಿಡಿದೆ.

ಕಳ್ಳರು ಆರಿಸಿದ್ದು ನರ್ಸಮ್ಮ ಇರುವ ಫೋಟೋಗಳನ್ನೇ. ಆದರೆ ಮುಖವಿಲ್ಲದ ಆ ಕೈ ಯಾರದೆಂದು ಬಾವನಿಗೆ ಗೊತ್ತಿಲ್ಲ. ಆ ಫೋಟೋ ಇದೆಯೆಂದೇ ನರ್ಸಮ್ಮನಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವಳು ಒಬ್ಬಳೇ, ತಲೆ ತಗ್ಗಿಸಿ ಕೂತಿದ್ದ ಮದುಮಗಳು.

ಅಕ್ಕ ಈಗಲೂ ತಲೆ ತಗ್ಗಿಸಿದಳು.

"ಮೊನ್ನೆ ವಕೀಲರು ಹೇಳಿದ್ರು. ಜಡ್ಜು ಹೂಂ ಅಂದ ದಿನವೇ ಇವರ ಡೈವೋರ್ಸ್ ಮುಗೀತು ಅಂದ್ಕೊಂಡ್ವಲ್ಲ? ಅದು ಜಾರಿಗೆ ಬಂದಿದ್ದು ಕೆಲವು ವಾರ ಆದ್ಮೇಲಂತೆ. ಅಷ್ಟರೊಳಗೆ ನಾವು ಮದುವೆ ಆಗ್ಬಿಟ್ಟಿದ್ವಿ. ಆ ಮದುವೆ ಕಾನೂನಿನ ಲೆಕ್ಕಕ್ಕೇ ಇಲ್ಲ. ನಿಜ ಹೇಳಿ, ಮತ್ತೆ ಮದುವೆಯಾಗಿ, ಹೊಸದಾಗಿ ಅರ್ಜಿ ಹಾಕಿ ಅಂದ್ರು. ಹಾಗಾದ್ರೆ ಇಷ್ಟು ವರ್ಷ ನಾನು ಇವರಿಗೆ ಏನಾಗಿದ್ದೆ? ಬಾಯಿ ಬಿಡಕ್ಕೆ ಆಗ್ಲಿಲ್ಲ. ಫೋಟೋದಲ್ಲಿ ನರ್ಸಮ್ಮನ ಬೆರಳು ಕಂಡ್ರೂ ಇದೆಲ್ಲಾ ಕೆದಕ್ತಾರೆ ಅಂತ…"

ಬಾವ ಬೆರಳು ಮಡಿಸಿ ವಾರಗಳನ್ನು ಎಣಿಸತೊಡಗಿದರು.

ನರ್ಸಮ್ಮ ಕಣ್ಣರಳಿಸಿದರು. "ಅಂದ್ರೆ ನಾನು ನನ್ನ ಗಂಡನ ಮದುವೇಲೇ ಉಂಡು ಬಂದ್ನಾ!"

ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ನರ್ಸಮ್ಮ ಅವಳ ಮೊಣಕೈ ತಿವಿದರು. "ದಡ್ಡಿ! ಮೋಸದ ಮದುವೆಯಾಗಿದ್ರೆ ಯಾವ ಹೆಂಡತಿ ಬಂದು ತಲೆ ಬಾಚ್ತಾಳೆ? ಯಾರಿಗೂ ಗೊತ್ತಿರ್ಲಿಲ್ಲ ಅನ್ನೋದಕ್ಕೆ ಆ ಫೋಟೋನೇ ಸಾಕ್ಷಿ. ಅದನ್ನೇ ಕತ್ತರಿಸಿದ್ಯಲ್ಲೇ!"

ನಾನು ಬೆರಗಾಗಿ ಅವರನ್ನೇ ನೋಡಿದೆ. ಅಕ್ಕ ಕೈಚೀಲದಿಂದ ಮೂರು ಫೋಟೋ ತೆಗೆದು ನನ್ನ ಮಡಿಲಿಗೆ ಹಾಕಿದಳು.

ನಾಲ್ವರನ್ನೂ ಒಳಗೆ ಕರೆದರು. "ಈ ಮದುವೆಯ ಬಗ್ಗೆ ನಮಗೆ ತಿಳಿಸದ ಸಂಗತಿ ಏನಾದರೂ ಇದೆಯೇ?" ಅಧಿಕಾರಿ ಕೇಳಿದರು.

ಬಾವ ಕೆಮ್ಮಿದರು. ಅಕ್ಕ ನನ್ನ ಕಡೆ ತಿರುಗಿದಳು.

ನಾನು ಎದ್ದು ನಿಂತು ಫೋಟೋಗಳನ್ನು ಮೇಜಿನ ಮೇಲೆ ಇಟ್ಟೆ.

"ಇದೆ ಸರ್. ಇವರ ಮದುವೆ ದಿನ, ಈ ಕೈಯವರೇ ಬಾವನ ಹೆಂಡತಿ. ಅದು ಅವತ್ತು ಮೂವರಿಗೂ ಗೊತ್ತಿರಲಿಲ್ಲ."